ಎಡಗೈಯ ಕುಂಕುಮ

ಕಸ್ತೂರಿಬಾಯಿ ಅತ್ತೆ ಎಡಗೈಯಲ್ಲಿ ಕುಂಕುಮ ಹಚ್ಚುತ್ತಿದ್ದರು.

ನಾನು ರಿಮೋಟ್ ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದೆ. ಎದ್ದು ಟಿವಿಯ ಹತ್ತಿರ ಹೋಗಿ ನೋಡಿದೆ. ತಪ್ಪಿಲ್ಲ. ಹಸಿರು ಬಳೆ ತೊಟ್ಟು ಕುಳಿತ ನನ್ನ ತಮ್ಮನ ಹೆಂಡತಿ ಐಶ್ವರ್ಯಾಳ ಹಣೆಯ ಮೇಲೆ ಇದ್ದದ್ದು ಅತ್ತೆಯ ಎಡಗೈಯ ಬೆರಳು.

ಖಜೂರಿ ಊರಿನ ನಮ್ಮ ಸೋದರತ್ತೆ ಕಸ್ತೂರಿಬಾಯಿಗೆ ಯಾರಾದರೂ ಎಡಗೈಯಲ್ಲಿ ನೀರಿನ ಲೋಟ ಚಾಚಿದರೆ ಅವರು ಬಾಯಾರಿಕೆಯನ್ನೇ ಮರೆತವರಂತೆ ಮುಖ ತಿರುಗಿಸುತ್ತಾರೆ. ಅಂಥವರು ಮನೆಯ ಬಸುರಿ ಸೊಸೆಗೆ, ಅವಳ ಕುಬಸದ ದಿನ, ಸೀಮಂತಕ್ಕೆಂದು ಬಂದ ಓಣಿಯ ಹೆಂಗಸರೆಲ್ಲರ ಎದುರು ಎಡಗೈಯಲ್ಲಿ ಕುಂಕುಮ ಹಚ್ಚುತ್ತಾರೆಯೇ? ಹಚ್ಚಿದ್ದರೆ ಆ ದಿನವೇ ಪಡಸಾಲೆಯಲ್ಲಿ ಗದ್ದಲ ಆಗುತ್ತಿತ್ತು.

ಈ ವಿಡಿಯೊವನ್ನು ನಾವೆಲ್ಲ ಎಷ್ಟು ಸಲ ನೋಡಿದ್ದೆವೋ. ಯಾರೂ ಅತ್ತೆಯ ಕೈ ನೋಡಿರಲಿಲ್ಲ. ಎಲ್ಲರ ಕಣ್ಣೂ ಅದೇ ಚಿತ್ರದಲ್ಲಿ, ಹೆಂಗಸರ ಹಿಂದೆ, ಸೆರಗನ್ನು ಎರಡೂ ಹೆಗಲಿಗೆ ಹೊದ್ದು, ಮುಚ್ಚಿದ ತಾಟು ಹಿಡಿದು ಬಲಕ್ಕೆ ದಾಟಿಹೋಗುವ ನಾಗರತ್ನಾ ವೈನಿಯ ಮೇಲಿತ್ತು. ಬಲಕ್ಕೆ ಒಳಕೋಣೆ. ಒಳಕೋಣೆಯ ಕಪಾಟಿನಲ್ಲಿದ್ದ ಅಜ್ಜಿಯ ಬಂಗಾರದ ಗುಂಡಿನ ಬೋರಮಾಳ ಸರ ಅವತ್ತೇ ಕಾಣೆಯಾಗಿತ್ತು, ಮತ್ತು ನನ್ನ ಅಣ್ಣನ ಹೆಂಡತಿಯಾದ ವೈನಿ ಕಳ್ಳಿ ಎನ್ನುವುದಕ್ಕೆ ಮನೆಯವರ ಬಳಿ ಇದ್ದ ಸಾಕ್ಷಿ ಈ ತುಣುಕೊಂದೇ.

ಪಡಸಾಲೆಯಲ್ಲಿ ಐಶ್ವರ್ಯಾ ಕುಳಿತಿದ್ದ ಜಾಗಕ್ಕೆ ಮುಖ ಮಾಡಿ ನಿಂತೆ. ಬಲಕ್ಕೆ ಒಳಕೋಣೆ. ಎಡಕ್ಕೆ ಅಡುಗೆಮನೆ. ಅತ್ತೆಯ ಬಲಗೈ ಚಿತ್ರದಲ್ಲಿ ಎಡಗೈ ಆಗಿದ್ದರೆ, ಇಡೀ ಚಿತ್ರವೇ ಕನ್ನಡಿಯಲ್ಲಿ ಕಂಡಂತೆ ತಿರುವಿದೆ ಎಂದರ್ಥ. ಹಾಗಿದ್ದರೆ ವೈನಿ ಹೋದದ್ದು ಎಡಕ್ಕೆ. ಅಡುಗೆಮನೆಗೆ.

ಮೊದಲಿನಿಂದಲೂ ಅವರು ಹೇಳುತ್ತಿದ್ದುದು ಅದನ್ನೇ. ನಾವೇ ಕೇಳಿರಲಿಲ್ಲ.

ಹೊತ್ತು ಉಳಿದಿರಲಿಲ್ಲ. ವೈನಿಯ ಅಣ್ಣ ಮಲ್ಲಣ್ಣ ಜೇವರ್ಗಿಯಿಂದ ಹೊರಟಿದ್ದರು. ಅವ್ವನೇ ಫೋನ್ ಮಾಡಿ ಕರೆಸಿದ್ದಳು. "ನಿಮ್ಮ ತಂಗೀನ್ನ ಕರ್ಕೊಂಡು ಹೋಗ್ರಿ. ಸರ ಸಿಕ್ಕ ದಿನ ತಿರುಗಿ ಬರ್ಲಿ. ಆಕಿ ಕೂಸಿನ ಸಾಲಿ ಇಲ್ಲೇ ಅದ, ಕೂಸು ಇಲ್ಲೇ ಇರ್ತದ," ಎಂದಿದ್ದಳು. ಅಣ್ಣ ಗುರುಪಾದ ತೊಗರಿ ಹರಾಜಿನ ನೆವದಲ್ಲಿ ಮಾರುಕಟ್ಟೆಗೆ ಹೋಗಿಬಿಟ್ಟಿದ್ದ. ಬಸ್ ಸ್ಟ್ಯಾಂಡಿನಿಂದ ಮಲ್ಲಣ್ಣನನ್ನು ಕರೆತರಲು ನನ್ನ ಗಂಡ ಸತೀಶಕುಮಾರ ಗಾಡಿ ತೆಗೆದುಕೊಂಡು ಹೋಗಿದ್ದರು; ನಮ್ಮ ಮನೆ ತವರಿನ ಪಕ್ಕದ ಓಣಿಯಲ್ಲೇ ಇದೆ. ಹೀಗೆ ಹೆಸರು ಕೆಡಿಸಿಕೊಂಡು ಹೊಸಿಲು ದಾಟಿದ ಸೊಸೆ ಮತ್ತೆ ಅದೇ ಹೊಸಿಲು ಹತ್ತುವುದು ಎಷ್ಟು ಕಷ್ಟ ಎಂಬುದು ಅವ್ವನಿಗೂ ಗೊತ್ತು, ನನಗೂ ಗೊತ್ತು.

ನಾನು ಮೆಟ್ಟಿಲು ಹತ್ತಿದೆ. ಆ ವಿಡಿಯೊ ಜೋಡಿಸಿದವಳು ಐಶ್ವರ್ಯಾ.

ನಮ್ಮ ಮನೆಯಲ್ಲಿ ಇದೊಂದು ಹುಚ್ಚು. ಮೊದಲು ಹಚ್ಚಿದವರು ವೈನಿ. ಮದುವೆಯಾಗಿ ಬರುವಾಗ ತವರಿನಿಂದ ಅಂಗೈಯಗಲದ ಕ್ಯಾಮೆರಾ ತಂದಿದ್ದರು. ತೊಗರಿ ರಾಶಿ, ಮಕ್ಕಳ ಜವಳ, ಹೋಳಿಗೆ ಲಟ್ಟಿಸುವ ಅವ್ವ, ಬಿಸಿಲಿಗೆ ಹಾಸಿದ ಹಪ್ಪಳ, ಏನು ಕಂಡರೂ ತೆಗೆಯುತ್ತಿದ್ದರು. ಆಮೇಲೆ ನಾನು. ಕಾಲೇಜಿನ ಗ್ರಂಥಾಲಯದ ಕೆಲಸ ಮುಗಿಸಿ ಬಂದು ಫೋನಿನಲ್ಲೇ ಕತ್ತರಿಸುವುದು, ಜೋಡಿಸುವುದು ಕಲಿತೆ. ಕೈ ನಡುಗಿದ ಕಡೆ ಕತ್ತರಿ, ಮಾತು ಮುಗಿಯುವ ಮುನ್ನವೇ ಮುಂದಿನ ಚಿತ್ರ. ಇಷ್ಟು ನನಗೆ ಬರುತ್ತಿತ್ತು.

ನಂತರ ತಮ್ಮ ಕಲ್ಯಾಣಕುಮಾರನ ಕೈ ಹಿಡಿದು ಅಫಜಲಪುರದಿಂದ ಐಶ್ವರ್ಯಾ ಬಂದಳು. ಬಳೆಯಂತೆ ದುಂಡಗಿನ ದೀಪ, ಕೊರಳಪಟ್ಟಿಗೆ ಸಿಕ್ಕಿಸುವ ಮೈಕು, ಮೂರು ಕಾಲಿನ ಸ್ಟ್ಯಾಂಡು ಸಮೇತ ಬಂದಳು. ಭಾನುವಾರ ಟಿವಿಯ ಮುಂದೆ ಕುಳಿತು ಎಲ್ಲರೂ ನೋಡುವುದು ಈಗ ಅವಳ ವಿಡಿಯೊಗಳನ್ನು.

ಅವಳ ವಿಡಿಯೊದಲ್ಲಿ ಅವ್ವ ನಗುತ್ತಾಳೆ. ನನ್ನ ವಿಡಿಯೊದಲ್ಲಿ ಅವ್ವ ಕೈ ಅಡ್ಡ ಹಿಡಿದು "ಬಂದ್ ಮಾಡ ಬೇ" ಅನ್ನುತ್ತಾಳೆ. ಎಷ್ಟು ಕತ್ತರಿಸಿದರೂ ಆ ಕೈಯ ನೆರಳು ಎಲ್ಲೋ ಒಂದು ಕಡೆ ಉಳಿದುಬಿಡುತ್ತದೆ.

ಅದಕ್ಕೇ ಮೆಟ್ಟಿಲ ಮೇಲೆ ನನಗೆ ನನ್ನದೇ ಅಂಜಿಕೆಯಾಯಿತು. ಐಶ್ವರ್ಯಾ ಬೇಕೆಂದೇ ಚಿತ್ರ ತಿರುವಿದ್ದಾಳೆ ಎಂಬುದು ನಾನು ಕಂಡುಹಿಡಿದದ್ದೋ, ಹಾಗಿರಲಿ ಎಂದು ನಾನು ಬಯಸಿದ್ದೋ?

ಅವಳು ಮಂಚದ ಮೇಲೆ ದಿಂಬಿಗೆ ಒರಗಿ, ಹೊಟ್ಟೆಯ ಮೇಲೆ ಫೋನ್ ಇಟ್ಟುಕೊಂಡು ಯಾವುದೋ ವಿಡಿಯೊಗೆ ಹಾಡು ಕೂಡಿಸುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ. ಜರಾ ನೋಡ್ರಿ, ಇಲ್ಲಿ ಹಾಡು ಮದಲು ಬರ್ಬೇಕೋ, ಅತ್ತಿ ನಗೂದು ಮದಲು ಬರ್ಬೇಕೋ?"

"ಅವ್ವನ ನಗಿ ಆಮ್ಯಾಲ ನೋಡೂಣು. ಕುಬಸದ ವಿಡಿಯೊ ತಗಿ."

"ಮತ್ತೇನ್ರಿ? ಇಡೀ ಮನಿ ನೋಡಿ ನೋಡಿ ಅದನ್ನ ಸವಿಸಿ ಬಿಟ್ಟದ."

"ತಯಾರಾದದ್ದಲ್ಲ. ನೀ ತುಣುಕು ತುಣುಕು ಕೂಡಿಸಿರ್ತೀಯಲ್ಲ, ಆ ಒಳಗಿಂದು."

ಅವಳ ಬೆರಳು ಗಾಜಿನ ಮೇಲೆ ನಿಂತಿತು.

"ಯಾಕ್ರಿ?"

"ಖಜೂರಿ ಅತ್ತಿ ನಿನಗ ಯಾವ ಕೈಲೆ ಕುಂಕುಮ ಹಚ್ಯಾರ?"

"ಇದೇನ ಕೇಳಾಕತ್ತೀರಿ? ಬಲಗೈಲೆ."

"ನಿನ್ನ ವಿಡಿಯೊದಾಗ ಎಡಗೈಲೆ ಹಚ್ಯಾರ."

ಐಶ್ವರ್ಯಾ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. "ಹೊಟ್ಟಿಕಿಚ್ಚಿಗೆ ಕಣ್ಣು ಎಷ್ಟು ಚುರುಕು ಆಗ್ತಾವ ನೋಡ್ರಿ."

"ಹೌದು, ನನಗ ಹೊಟ್ಟಿಕಿಚ್ಚದ. ಅದು ಬ್ಯಾರೆ ಮಾತು. ತಗಿ."

ನಾನು ಒಪ್ಪಿಕೊಂಡದ್ದು ಅವಳಿಗೆ ಅನಿರೀಕ್ಷಿತ. ಫೋನಿನಲ್ಲಿ ಹುಡುಕಿ ನನ್ನ ಮುಂದೆ ಹಿಡಿದಳು. ತುಣುಕುಗಳೆಲ್ಲ ಸಾಲಾಗಿ, ಪೋಣಿಸಿದಂತೆ ನಿಂತಿದ್ದವು. ಅವುಗಳ ಕೆಳಗೆ ಹಾಡಿನ ಉದ್ದ ಗೆರೆ. ವೈನಿಯ ತುಣುಕಿನ ಮೇಲೆ ಬೆರಳಿಟ್ಟಳು.

"ನಾ ತಿರುವಿಲ್ಲ್ರಿ. ನನ್ನ ಕಡೆ ಬಂದಾಗನ ಇದು ಹಿಂಗ ಇತ್ತು. ತಡೀರಿ, ಬಂದದ್ದು ಬಂದಂಗ ತೋರಸ್ತೇನಿ."

ಕುಬಸಕ್ಕೆ ಬಂದವರೆಲ್ಲ ತಾವು ತಾವು ತೆಗೆದದ್ದನ್ನು ಹಾಕಲಿ ಎಂದು ಅವಳು ಫೋನಿನಲ್ಲಿ ಒಂದು ಗುಂಪು ಮಾಡಿದ್ದಳು. ಅದನ್ನು ತೆರೆದು, ಅದೇ ತುಣುಕನ್ನು ಪೂರ್ತಿ ಅಗಲಕ್ಕೆ ಹಾಕಿದಳು.

ಟಿವಿಯಲ್ಲಿ ನಾವು ನೋಡಿದ್ದು ಇದರ ನಡುವಿನ ಭಾಗ ಮಾತ್ರ. ಅಂಚುಗಳೆಲ್ಲ ಹೊರಗೆ ಉಳಿದಿದ್ದವು. ಮೇಲೆ, ಗೋಡೆಗೆ ಕಟ್ಟಿದ ಬ್ಯಾನರಿನಲ್ಲಿ ಐಶ್ವರ್ಯಾಳ ಹೆಸರು ಹಿಂದುಮುಂದಾಗಿ ಕಾಣುತ್ತಿತ್ತು. ಬಲಕ್ಕಿರಬೇಕಾದ ಒಳಕೋಣೆಯ ಬಾಗಿಲು ಎಡದ ಅಂಚಿನಲ್ಲಿತ್ತು. ವೈನಿ ಆ ಬಾಗಿಲಿಗೆ ಬೆನ್ನು ಮಾಡಿ ನಡೆದುಹೋಗುತ್ತಿದ್ದರು.

"ಅಂದ್ರ ಇದು ಉಲ್ಟಾ ಅದ ಅನ್ನೂದು ನಿನಗ ಗೊತ್ತಿತ್ತು."

"ನನ್ನ ಹೆಸರು ಉಲ್ಟಾ ಕಾಣಾಕತ್ತಿತ್ರಿ. ಛಂದ ಕಾಣಲಿಲ್ಲ. ದೊಡ್ಡದು ಮಾಡಿ ಅಂಚು ಹೊರಗ ಹಾಕಿದೆ."

"ತಿರುವಿ ಸರಿ ಮಾಡಬಹುದಿತ್ತಲ್ಲ?"

"ಅವಾಗ ಹೊಳಿಲಿಲ್ಲ."

"ನಿನಗ? ಹೊಳಿಲಿಲ್ಲ?"

ಅವಳು ಬೆನ್ನಿನ ದಿಂಬನ್ನು ಸರಿಮಾಡಿಕೊಂಡಳು.

"ಹೋಗ್ಲಿ ಬಿಡು. ಅವ್ವ ಟಿವಿ ಮುಂದ ಎದ್ದು ನಿಂತು ವೈನಿನ್ನ ಕಳ್ಳಿ ಅಂದ್ಲಲ್ಲ, ಅವಾಗೂ ಹೊಳಿಲಿಲ್ಲೇನು?"

"ಅವಾಗ ಹೊಳೀತು." ಐಶ್ವರ್ಯಾ ಕಣ್ಣು ಕೆಳಗೆ ಹಾಕಿದಳು. "ಬಾಯಿ ಬರಲಿಲ್ಲ."

"ಯಾಕ ಬರಲಿಲ್ಲ?"

"ಹೇಳ್ತೇನಿ. ನೀವು ಒಪ್ಕೊಂಡ್ರಿ, ನಾನೂ ಒಪ್ಕೋತೇನಿ." ಅವಳ ದನಿಯಲ್ಲಿ ಎಂದಿನ ಥಳಕು ಇರಲಿಲ್ಲ. "ಈ ಮನಿಗೆ ಬಂದಾಗಿಂದ ಕೇಳಾಕತ್ತೇನಿ. ನಾಗರತ್ನಾ ಹಿಂಗ ತಗೀತಿದ್ಲು, ನಾಗರತ್ನಾ ತಗದದ್ದು ನೋಡಿ ಅಜ್ಜಿ ಅತ್ತುಬಿಟ್ಟಿದ್ರು ಅಂತ. ನಾ ಏನ ಮಾಡಿದ್ರೂ ಮಂದಿ ಛಂದ ಅದ ಅಂತಾರ. ಯಾರೂ ಅಳಾಂಗಿಲ್ಲ್ರಿ ಅಕ್ಕಾರ. ಒಬ್ಬರೂ ಅಳಾಂಗಿಲ್ಲ."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ವಿಡಿಯೊ ನೋಡಿ ನಾನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

"ತಿರುವಿದ್ದು ನೀ ಅಲ್ಲ ಅಂದ್ರ ಮತ್ತ ಯಾರು?"

"ಯಾರೂ ಅಲ್ಲ್ರಿ. ಮುಂದಿನ ಕ್ಯಾಮೆರಾದಾಗ ತಗದ್ರ ಕೆಲವು ಫೋನು ಹಂಗ ಮಾಡ್ತಾವ. ನಮ್ಮ ಮುಖ ನಮಗ ಕನ್ನಡ್ಯಾಗ ಕಂಡಂಗ ಕಾಣ್ತದಲ್ಲ, ಹಂಗ ಉಳಿಸಿ ಬಿಡ್ತಾವ."

"ಮುಂದಿನ ಕ್ಯಾಮೆರಾದಾಗ ಮಂದಿ ತಮ್ಮ ಮುಖ ತಗೀತಾರ. ಪಡಸಾಲಿ ಯಾರ ತಗೀತಾರ? ಕಳಿಸಿದವ್ರು ಯಾರು?"

ಅವಳು ಬೆರಳಿನಿಂದ ಮೇಲೆ ಸರಿಸಿ ಹೆಸರು ತೋರಿಸಿದಳು.

ನಾಗರತ್ನಾ.

ತುಣುಕನ್ನು ಮತ್ತೊಮ್ಮೆ ಹಾಕಿಸಿದೆ. ಚಿತ್ರ ಒಂದಿಷ್ಟೂ ಅಲುಗಾಡುವುದಿಲ್ಲ. ಯಾರ ಕೈಯಲ್ಲೂ ಇರದ ಫೋನು ಅದು. ಪಡಸಾಲೆಯ ಗೋಡೆಯ ಗೂಡಿನಲ್ಲಿ, ಹೆಂಗಸರ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದು. ನಿಲ್ಲಿಸಿದವರೇ ನಡೆದುಹೋಗಿ ಚಿತ್ರದೊಳಗೆ ಸೇರಿಕೊಂಡಿದ್ದಾರೆ.

ಈಗ ಅರ್ಥವಾಯಿತು. ಇಷ್ಟು ವರ್ಷದ ನಮ್ಮ ಮನೆಯ ವಿಡಿಯೊಗಳಲ್ಲಿ ವೈನಿ ಎಲ್ಲೂ ಇಲ್ಲ. ಕ್ಯಾಮೆರಾ ಹಿಡಿದವರು ಚಿತ್ರದಲ್ಲಿ ಇರುವುದಿಲ್ಲ. ಆ ದಿನ, ಓರಗಿತ್ತಿಯ ಕುಬಸದ ಸಂಭ್ರಮದಲ್ಲಿ, ಒಂದೇ ಒಂದು ಕಡೆ ತಾನೂ ಇರಬೇಕು ಅನಿಸಿದೆ. ತನ್ನನ್ನು ತಾನು ನೋಡಿಕೊಂಡು ಜಾಗ ಹೊಂದಿಸಲು ಮುಂದಿನ ಕ್ಯಾಮೆರಾ ಹಾಕಿದ್ದಾರೆ. ಮನೆಯವರು ಅವರನ್ನು ವಿಡಿಯೊದಲ್ಲಿ ಕಂಡ ಮೊದಲ ಸಲವೇ ಕಳ್ಳಿ ಎಂದರು.

ಆದರೆ ಇನ್ನೊಂದು ಮಾತೂ ಹೊಳೆಯಿತು. ತುಣುಕು ವೈನಿಯ ಹೆಜ್ಜೆಯ ನಡುವೆ ಶುರುವಾಗಿ ಹೆಜ್ಜೆಯ ನಡುವೆಯೇ ಮುಗಿಯುತ್ತದೆ. ಇದು ಕತ್ತರಿಸಿ ಕಳಿಸಿದ್ದು. ಗೂಡಿನಲ್ಲಿದ್ದ ಫೋನನ್ನು ಅವರು ತಿರುಗಿ ಬಂದು ಆರಿಸುವವರೆಗೆ ಅದು ಪಡಸಾಲೆಯನ್ನು ನೋಡುತ್ತಲೇ ಇತ್ತು. ಒಳಕೋಣೆಯ ಬಾಗಿಲನ್ನೂ.

"ಅಕ್ಕಾರ," ಐಶ್ವರ್ಯಾ ನನ್ನ ಸೆರಗು ಹಿಡಿದಳು. "ಇಷ್ಟು ಸಾಕಲ್ರಿ? ನಾಗರತ್ನಾ ಅಕ್ಕಾರು ಒಳಕೋಣೆಗೆ ಹೋಗಿಲ್ಲ ಅಂತ ಆತು. ಬೇಕಂದ್ರ ನಾನ ಬಂದು ಅತ್ತಿ ಮುಂದ ಹೇಳ್ತೇನಿ. ಮುಂದ ಹೋಗಬ್ಯಾಡ್ರಿ."

ವೈನಿಗೆ ಅಷ್ಟು ಸಾಕಿತ್ತು. ನನಗೆ ಸಾಲಲಿಲ್ಲ.

ಕೆಳಗೆ ವೈನಿ ಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಮಗಳ ಫ್ರಾಕೊಂದನ್ನು ಮಡಚಿ ಒಳಗಿಟ್ಟರು, ಮತ್ತೆ ತೆಗೆದು ಮಂಚದ ಮೇಲಿಟ್ಟರು.

"ವೈನಿ, ಗೂಡಿನ್ಯಾಗ ಇಟ್ಟು ತಗದದ್ದು ಪೂರಾ ವಿಡಿಯೊ ಎಲ್ಲದ?"

ಅವರು ತಿರುಗಲಿಲ್ಲ. "ಅಳಿಸೇನಿ."

"ಅಳಿಸಿದ್ದು ಸುಮಾರು ದಿನ ಫೋನಿನ ಕಸದ ಬುಟ್ಟ್ಯಾಗ ಇರ್ತದ. ಇದನ್ನ ನನಗ ಕಲಿಸಿದವ್ರ ನೀವು."

"ಕಲಿಸಬಾರದಿತ್ತು."

"ಚಿತ್ರ ಉಲ್ಟಾ ಅದ ಅಂತ ನಿಮಗ ಗೊತ್ತಿತ್ತಲ್ರಿ? ಒಂದು ಮಾತು ಹೇಳಿದ್ರ ಮುಗೀತಿತ್ತು."

"ಹೇಳಿದ್ರ ಉಳಿದದ್ದು ತೋರಸು ಅಂತಿದ್ರು." ಈಗ ನನ್ನ ಕಡೆ ತಿರುಗಿದರು. ಅತ್ತ ಗುರುತಿರಲಿಲ್ಲ. ಬಹಳ ದಣಿದ ಮುಖ. "ಸುವರ್ಣಾ, ನನ್ನ ಮಾತು ಕೇಳು. ನೀನೂ ಯಾರ ಮುಂದೂ ಬಾಯಿ ಬಿಡಬ್ಯಾಡ. ನಾ ಜೇವರ್ಗಿಗೆ ಹೋಗ್ತೇನಿ. ಕೂಸಿನ ತಲಿ ಬಾಚಾಕ ಮುಂಜಾನಿ ಬಂದು ಹೋಗು, ಅಷ್ಟ ಸಾಕು."

"ಅದರಾಗ ಯಾರ ಅದಾರ? ಅಣ್ಣ ಅದಾನೇನು?"

"ನಿಮ್ಮಣ್ಣ ಇದ್ದಿದ್ರ ಅವತ್ತ ಟಿವಿಗೆ ಹಚ್ಚಿ, ಮಂದಿಗೆ ಚಾ ಕೊಟ್ಟು ತೋರಸ್ತಿದ್ದೆ."

ಆ ಹೊತ್ತಿನಲ್ಲೂ ಇಬ್ಬರಿಗೂ ನಗು ಬಂತು. ಆ ನಗುವಿನಲ್ಲೇ ನಾನು ದಿಂಬಿನ ಪಕ್ಕದಲ್ಲಿದ್ದ ಅವರ ಫೋನ್ ಎತ್ತಿಕೊಂಡೆ.

"ಸುವರ್ಣಾ, ಬ್ಯಾಡ. ಕೊಡಿಲ್ಲಿ. ನಿನಗ ಕೈ ಮುಗೀತೇನಿ."

ಅಳಿಸಿದವುಗಳ ಡಬ್ಬಿಯಲ್ಲಿ ಅದೊಂದೇ ಇತ್ತು. ಒತ್ತಿದೆ.

ಹೆಂಗಸರು ಸೋಬಾನೆ ಹಾಡುತ್ತಿದ್ದರು. ಟಿವಿಯಲ್ಲಿ ನೋಡುವಾಗ ಇದರ ಮೇಲೆ ಐಶ್ವರ್ಯಾ ಸಿನಿಮಾ ಹಾಡು ಹಾಕಿದ್ದಳು. ವೈನಿ ತಾಟು ಹಿಡಿದು ದಾಟಿ ಅಡುಗೆಮನೆಗೆ ಹೋದರು. ಅತ್ತೆ ಕುಂಕುಮ ಹಚ್ಚಿ ಮುಗಿಸಿ ಉಡಿ ತುಂಬುವ ಅಕ್ಕಿಗೆ ಕೈ ಹಾಕಿದರು. ಎಲ್ಲರೂ ಆ ಕಡೆ ಬಾಗಿದರು.

ಅಂಚಿನಲ್ಲಿದ್ದ ಒಳಕೋಣೆಯ ಬಾಗಿಲು ತೆರೆಯಿತು. ಅವ್ವ ಹೊರಗೆ ಬಂದಳು.

ಸೆರಗಿನೊಳಗೆ ಏನೋ ಹಿಡಿದಿದ್ದಳು. ಹೆಂಗಸರನ್ನು ಒಮ್ಮೆ ನೋಡಿ, ಗೋಡೆಗುಂಟ ನಡೆದು ಗೂಡಿನ ಹತ್ತಿರ ಬಂದು ನಿಂತಳು. ಎಷ್ಟು ಹತ್ತಿರವೆಂದರೆ ಅವಳ ಬಳೆಯ ಸದ್ದು ಕೇಳಿಸುತ್ತಿತ್ತು. ಹೊರಬಾಗಿಲ ಕಡೆಯಿಂದ ಒಬ್ಬರು ಅವಳ ಎದುರು ಬಂದರು.

ನಾನೇ ಇಸ್ತ್ರಿ ಮಾಡಿಕೊಟ್ಟ ತಿಳಿ ನೀಲಿ ಅಂಗಿ. ನನ್ನ ಗಂಡ.

ಅವ್ವ ಸೆರಗಿನಿಂದ ಗಂಟು ತೆಗೆದು ಅವರ ಕೈಗೆ ಇಟ್ಟಳು. ಕರವಸ್ತ್ರ ಸಡಿಲಾಗಿ ಬಂಗಾರದ ಗುಂಡುಗಳು ಒಂದು ಕ್ಷಣ ಹೊಳೆದವು. ಸೋಬಾನೆಯ ನಡುವೆಯೂ ಅವ್ವನ ಮಾತು ಸ್ಪಷ್ಟವಾಗಿತ್ತು.

"ಸುವರ್ಣಾಗ ಗೊತ್ತಾಗಬಾರ್ದು, ಅಳಿಯಂದ್ರ. ನಾ ಸತ್ತ ಮ್ಯಾಲೂ ಗೊತ್ತಾಗಬಾರ್ದು."

ಅವರು ತಲೆಯಾಡಿಸಿ ಗಂಟನ್ನು ಜೇಬಿಗೆ ಹಾಕಿಕೊಂಡರು. ಅವ್ವ ಅವರ ಭುಜ ಮುಟ್ಟಿದಳು. ನನ್ನ ಭುಜವನ್ನು ಅವಳು ಹಾಗೆ ಮುಟ್ಟಿದ್ದು ನನಗೆ ನೆನಪಿಲ್ಲ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆಗೆ ಹೋದರು.

ಕೊನೆಯಲ್ಲಿ ವೈನಿಯ ಮುಖ ದೊಡ್ಡದಾಗಿ ಬಂತು. ಫೋನ್ ಆರಿಸುವ ಮುನ್ನ ಅದರಲ್ಲಿ ತನ್ನನ್ನು ನೋಡಿಕೊಂಡು, ಮುಂಗುರುಳು ಸರಿಮಾಡಿಕೊಂಡು, ಸಣ್ಣದಾಗಿ ನಕ್ಕರು. ಹಿಂದೆ ಏನು ನಡೆದಿದೆ ಎಂಬುದು ಆ ನಗುವಿಗೆ ಗೊತ್ತಿರಲಿಲ್ಲ.

"ಟಿವಿ ಮುಂದ ಅತ್ತಿ ನನ್ನ ಹೆಸರು ತಗದ್ರಲ್ಲ, ಅವತ್ತ ರೂಮಿಗೆ ಬಂದು ಪೂರಾ ನೋಡಿದೆ," ವೈನಿ ಮೆಲ್ಲಗೆ ಹೇಳಿದರು. "ತೋರಿಸಿ ಅತ್ತಿ ಮುಖಕ್ಕ ಮಸಿ ಹಚ್ಚಿದ್ರ ನಾ ಈ ಮನ್ಯಾಗ ಹ್ಯಾಂಗ ಇರ್ಲಿ? ನಿನ್ನ ಸಂಸಾರ ಏನಾಗಬೇಕು? ಅದನ್ನ ಅಳಿಸು, ಸುವರ್ಣಾ."

ಎಷ್ಟು ದಿನ ನಾನು ತಪ್ಪು ಜಾಗದಲ್ಲಿ ಉರಿದಿದ್ದೆ! ಅವ್ವನ ನಗು ಐಶ್ವರ್ಯಾಳ ಪಾಲಾಯಿತೆಂದು ಕುದಿಯುತ್ತಿದ್ದೆ. ನನ್ನದೇ ಮನೆಯಲ್ಲಿ, ನನ್ನ ಪಕ್ಕದಲ್ಲೇ ಮಲಗುವವರ ಜೊತೆ ಅವ್ವನಿಗೆ ಒಂದು ಗುಟ್ಟಿತ್ತು. ನನ್ನನ್ನು ಹೊರಗಿಟ್ಟು ಕಟ್ಟಿದ ಗುಟ್ಟು. ಸರ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

"ಸುವರ್ಣಾ," ಪಡಸಾಲೆಯಿಂದ ಅವ್ವ ಕೂಗಿದಳು. "ಮಲ್ಲಣ್ಣಾರು ಬಂದ್ರು. ನಾಗರತ್ನಾನ ಚೀಲ ತಗೊಂಡು ಬಾ."

ನಾನು ಚೀಲ ಮುಟ್ಟಲಿಲ್ಲ. ಫೋನ್ ಹಿಡಿದು ಹೊರಗೆ ಬಂದೆ. ಮಲ್ಲಣ್ಣ ಕುರ್ಚಿಯ ತುದಿಯಲ್ಲಿ, ತಾನೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಕುಳಿತಿದ್ದರು. ಅವರ ಪಕ್ಕದಲ್ಲಿ ನನ್ನ ಗಂಡ ಚಹಾದ ಬಟ್ಟಲು ಹಿಡಿದಿದ್ದರು.

"ಚೀಲ ಎಲ್ಲಿ ಬೇ?" ಅವ್ವ ಕೇಳಿದಳು.

"ವೈನಿ ಎಲ್ಲೂ ಹೋಗಾಂಗಿಲ್ಲ."

"ಏನಂದಿ?"

"ಮಲ್ಲಣ್ಣಾರ, ನಿಮ್ಮ ತಂಗಿ ಏನೂ ಕದ್ದಿಲ್ಲ್ರಿ. ತಲಿ ಎತ್ತಿ ಚಾ ಕುಡೀರಿ." ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ಕುಬಸದ ದಿನ ಆ ಗೂಡಿನ ಮುಂದ ನಿಂತು ಇವರ ಕೈಯಾಗ ಕೊಟ್ಟಿ. ಕೊಟ್ಟದ್ದು ಏನು ಅಂತ ನಾ ಕೇಳಾಂಗಿಲ್ಲ, ಅದನ್ನ ನೋಡೇನಿ. ನನಗ ಗೊತ್ತಾಗಬಾರದ್ದು ಏನದ? ಅದನ್ನ ಹೇಳು."

ನನ್ನ ಗಂಡ ಚಹಾದ ಬಟ್ಟಲನ್ನು ಕೆಳಗಿಟ್ಟರು.

ಇಬ್ಬರಲ್ಲಿ ಯಾರು ಮೊದಲು ಸುಳ್ಳು ಹೇಳುತ್ತಾರೆ ಎಂದು ನಾನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆ. ಅವರು ನನ್ನನ್ನು ನೋಡಲಿಲ್ಲ. ಒಬ್ಬರನ್ನೊಬ್ಬರೂ ನೋಡಿಕೊಳ್ಳಲಿಲ್ಲ. ಇಬ್ಬರ ಕಣ್ಣೂ ಒಟ್ಟಿಗೇ ನನ್ನ ಹಿಂದಿದ್ದ ಮೆಟ್ಟಿಲಿನ ಕಡೆಗೆ ಹೋದವು.

ತಿರುಗಿ ನೋಡಿದೆ. ಐಶ್ವರ್ಯಾ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದು ನಿಂತಿದ್ದಳು.

"ಅತ್ತಿ," ಅವ್ವನ ಕಡೆ ನೋಡಿ ಅಂದಳು, "ಸರದ ಮಾತು ನಾ ಅಕ್ಕಾರಿಗೆ ಏನೂ ಹೇಳಿಲ್ಲ್ರಿ."